ಮೇಳದಲ್ಲಿ ಕಂಡ ಕಂಪ್ಯೂಟರ್‌ಗಳಲ್ಲಿ ಮನೆಗೆ ಯಾವುದು?

ಕಂಪ್ಯೂಟರ್ ಮೇಳದ ಯಾವ ಮಳಿಗೆಗೆ ಹೋದರೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ. ಕಪ್ಪು ಹಿನ್ನೆಲೆ, ಅದರ ಮೇಲೆ ನಿಧಾನಕ್ಕೆ ಹರಡುವ ಬಣ್ಣದ ಪುಡಿ. ಇಲ್ಲವೇ ಗಿಳಿಯ ರೆಕ್ಕೆ. ಸ್ಪ್ರೆಡ್‌ಶೀಟ್ ತೆರೆದಿಟ್ಟ ಮಳಿಗೆಯನ್ನು ನಾನಂತೂ ಕಂಡಿಲ್ಲ. ಮನೆಗೆ ಬಂದ ಮೇಲೆ ನಾವು ನೋಡುವುದು ಮಾತ್ರ ಬಿಳಿ ಪುಟವನ್ನೇ. ಮೇಲ್, ಬ್ಯಾಂಕ್ ಲೆಕ್ಕ, ಮಕ್ಕಳ ಹೋಮ್‌ವರ್ಕ್, ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್.

ಮಳಿಗೆಯವರು ಸುಳ್ಳು ಹೇಳುತ್ತಾರೆ ಅಂತಲ್ಲ. ಪ್ರತಿ ಯಂತ್ರಕ್ಕೂ ಒಂದು ಚೆಂದದ ಮುಖ ಇರುತ್ತದೆ, ಅದನ್ನೇ ಜನರ ಕಡೆ ತಿರುಗಿಸಿ ಇಟ್ಟಿರುತ್ತಾರೆ, ಅಷ್ಟೇ. ದುಡ್ಡು ಕೊಡುವವರು ಬೆನ್ನನ್ನೂ ನೋಡಬೇಕು. ಅದಕ್ಕೆ ನನ್ನದೊಂದು ಸರಳ ಉಪಾಯ ಇದೆ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯುತ್ತೇನೆ. ಎಡಗಡೆ, ಕೊಂಡ ಮೇಲೆ ಬದಲಿಸಲು ಆಗದ್ದು: ಪ್ರೊಸೆಸರ್, ಬೆಸುಗೆ ಹಾಕಿದ ಮೆಮೊರಿ, ಲ್ಯಾಪ್‌ಟಾಪ್‌ನ ಪರದೆ, ಕೀಬೋರ್ಡ್, ಪೋರ್ಟ್‌ಗಳು. ಬಲಗಡೆ, ಆಮೇಲೆ ಬದಲಿಸಬಹುದಾದ್ದು: ಸಾಫ್ಟ್‌ವೇರ್, ಕಡತಗಳನ್ನು ಇಡುವ ಎಸ್‌ಎಸ್‌ಡಿ, ಮೌಸ್, ಹೊರಗಿನ ಮಾನಿಟರ್. ಎಡಗಡೆಯದಕ್ಕೆ ಕೈಬಿಚ್ಚಿ ಖರ್ಚು ಮಾಡಿ. ಬಲಗಡೆಯದಕ್ಕೆ ಜಿಪುಣರಾದರೂ ನಡೆಯುತ್ತದೆ.

ಮೂರು ಚಿಪ್, ಮೂರು ಸ್ವಭಾವ

2024ರ ಜೂನ್‌ನಲ್ಲಿ ತೈಪೆಯ ಕಂಪ್ಯುಟೆಕ್ಸ್ ಮೇಳದಲ್ಲಿ ಲ್ಯಾಪ್‌ಟಾಪ್ ಚಿಪ್‌ಗಳ ಜಿದ್ದಾಜಿದ್ದಿ ಜೋರಾಗಿತ್ತು. ಕ್ವಾಲ್‌ಕಾಮ್‌ನ ಸ್ನಾಪ್‌ಡ್ರಾಗನ್ ಎಕ್ಸ್, ಎಎಂಡಿಯ ರೈಜೆನ್ ಎಐ 300, ಇಂಟೆಲ್‌ನ ಲೂನಾರ್ ಲೇಕ್, ಮೂರೂ ಅಲ್ಲಿದ್ದವು. ಆಮೇಲೆ ಹೊಸ ತಲೆಮಾರಿನ ಚಿಪ್‌ಗಳು ಬಂದಿವೆ, ಬರುತ್ತಲೂ ಇರುತ್ತವೆ. ಆದರೆ ಆಯ್ಕೆಯ ಪ್ರಶ್ನೆ ಈ ಮೂರರ ಸುತ್ತಲೇ ತಿರುಗುತ್ತದೆ. ಹಾಗಾಗಿ ಇವುಗಳ ಸ್ವಭಾವ ತಿಳಿದರೆ ಮುಂದಿನವನ್ನು ಅಳೆಯುವುದು ಸುಲಭ.

ಸ್ನಾಪ್‌ಡ್ರಾಗನ್ ಆರ್ಮ್ ಜಾತಿಯ ಚಿಪ್, ಫೋನಿನಲ್ಲಿರುವ ಥರದ್ದು. ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಪ್ಲಗ್ ಕಿತ್ತರೂ ವೇಗ ಅಷ್ಟಾಗಿ ಇಳಿಯುವುದಿಲ್ಲ. ಮಳಿಗೆಯಲ್ಲಿ ಇದನ್ನು ಮುಟ್ಟಿದರೆ ಯಾರಿಗಾದರೂ ಇಷ್ಟವಾಗುತ್ತದೆ. ತೊಡಕು ಇರುವುದು ಹಳೆಯ ಸಾಫ್ಟ್‌ವೇರ್‌ನಲ್ಲಿ. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಿಗಾಗಿ ಬರೆದ ಪ್ರೋಗ್ರಾಂಗಳನ್ನು ವಿಂಡೋಸ್ ಇಲ್ಲಿ ಪ್ರಿಸಂ ಎಂಬ ದುಭಾಷಿಯ ಮೂಲಕ ನಡೆಸುತ್ತದೆ. ಸಾಮಾನ್ಯ ಪ್ರೋಗ್ರಾಂಗಳು ಹೀಗೆ ಚೆನ್ನಾಗಿಯೇ ಓಡುತ್ತವೆ. ಆದರೆ ದುಭಾಷಿಗೆ ಡ್ರೈವರ್‌ಗಳ, ಅಂದರೆ ಸಾಧನಗಳನ್ನು ಯಂತ್ರಕ್ಕೆ ಹೊಂದಿಸುವ ಪುಟ್ಟ ಪ್ರೋಗ್ರಾಂಗಳ ಭಾಷೆ ಬರುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಸಂಗೀತದವರ ಆಡಿಯೊ ಪೆಟ್ಟಿಗೆ, ಕೆಲವು ವಿಪಿಎನ್, ಆಟಗಳ ಮೋಸತಡೆ ಸಾಫ್ಟ್‌ವೇರ್, ಇವುಗಳ ಡ್ರೈವರ್ ಆರ್ಮ್‌ಗಾಗಿಯೇ ಬರೆದದ್ದಾಗಿರಬೇಕು. ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ.

ನನ್ನ ಗೆಳೆಯನೊಬ್ಬ ಇದನ್ನು ಪೆಟ್ಟು ತಿಂದು ಕಲಿತ. ಲ್ಯಾಪ್‌ಟಾಪ್ ಬಗ್ಗೆ ಒಂದು ದೂರೂ ಇರಲಿಲ್ಲ, ಹೊಗಳಿದ್ದೇ ಹೊಗಳಿದ್ದು. ಹತ್ತು ವರ್ಷದ ಹಳೇ ಸ್ಕ್ಯಾನರ್ ಜೋಡಿಸಿದ ದಿನ ಮಾತು ನಿಂತಿತು. ಈಗ ಆ ಸ್ಕ್ಯಾನರ್‌ಗೆಂದೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕಪಾಟಿನಲ್ಲಿ ಸಾಕುತ್ತಿದ್ದಾನೆ.

ಲೂನಾರ್ ಲೇಕ್ ಸ್ನಾಪ್‌ಡ್ರಾಗನ್‌ಗೆ ಇಂಟೆಲ್ ಕೊಟ್ಟ ಉತ್ತರ. ಮಾರಾಟಕ್ಕೆ ಬಂದದ್ದು ಕೋರ್ ಅಲ್ಟ್ರಾ 200ವಿ ಎಂಬ ಹೆಸರಿನಲ್ಲಿ. ಹಳೆಯ ಸಾಫ್ಟ್‌ವೇರ್, ಹಳೆಯ ಡ್ರೈವರ್ ಎಲ್ಲ ನಡೆಯುತ್ತವೆ, ಬ್ಯಾಟರಿಯೂ ಚೆನ್ನಾಗಿ ಬಾಳುತ್ತದೆ. ಇದಕ್ಕಾಗಿ ಇಂಟೆಲ್ ಎರಡು ಕಡೆ ಕತ್ತರಿ ಹಾಕಿದೆ. ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) 8 ಮಾತ್ರ, ಒಂದು ಕೋರ್‌ಗೆ ಒಂದೇ ಥ್ರೆಡ್, ಅಂದರೆ ಒಂದು ಹೊತ್ತಿಗೆ ಒಂದೇ ಕೆಲಸದ ಸಾಲು. ಮೆಮೊರಿ ಚಿಪ್‌ನ ಜೊತೆಯಲ್ಲೇ ಕೂತಿದೆ, 16 ಅಥವಾ 32 ಜಿಬಿ. ಅದಕ್ಕಿಂತ ಜಾಸ್ತಿ ಬೇಕೆಂದರೆ ಈ ಚಿಪ್‌ನಲ್ಲಿ ಸಿಗುವುದಿಲ್ಲ.

ರೈಜೆನ್ ಎಐ 300 ಸಾಲಿನ ರೈಜೆನ್ ಎಐ 9 ಎಚ್‌ಎಕ್ಸ್ 370ರಲ್ಲಿ 12 ಕೋರ್, 24 ಥ್ರೆಡ್. ವಿಡಿಯೊ ಎಡಿಟಿಂಗ್, ಸಾವಿರಾರು ಫೋಟೋಗಳನ್ನು ಒಟ್ಟಿಗೆ ತಿದ್ದುವುದು, ಕೋಡ್ ಕಂಪೈಲ್ ಮಾಡುವುದು, ಇಂಥ ಭಾರದ ಕೆಲಸಕ್ಕೆ ಮೂರರಲ್ಲಿ ಇದೇ ಸೈ. ಬ್ಯಾಟರಿ ವಿಷಯದಲ್ಲಿ ಮಾತ್ರ ಉಳಿದೆರಡಕ್ಕಿಂತ ಸ್ವಲ್ಪ ಹಿಂದೆ.

ನನ್ನನ್ನು ಕೇಳಿದರೆ, ಮನೆಮಂದಿಯೆಲ್ಲ ಬಳಸುವ ಒಂದೇ ಲ್ಯಾಪ್‌ಟಾಪ್‌ಗೆ ಲೂನಾರ್ ಲೇಕ್ ಥರದ್ದು ಸಾಕು. ಯಾರಾದರೂ ವಿಡಿಯೊ ಮಾಡುವವರಿದ್ದರೆ ರೈಜೆನ್. ಬ್ರೌಸರ್, ಆಫೀಸ್, ವಿಡಿಯೊ ಕಾಲ್ ಇಷ್ಟೇ ಅನ್ನುವವರು ಸ್ನಾಪ್‌ಡ್ರಾಗನ್ ನೋಡಬಹುದು. ಅದಕ್ಕೂ ಮೊದಲು ಮನೆಯಲ್ಲಿರುವ ಪ್ರಿಂಟರ್‌ಗೆ ಆರ್ಮ್ ಡ್ರೈವರ್ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

ಟಾಪ್ಸ್ ಎಂಬ ಹೊಸ ಸಂಖ್ಯೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಪಿಯು ಎಂಬ ಇನ್ನೊಂದು ಭಾಗ ಇರುತ್ತದೆ. ಎಐ ಲೆಕ್ಕಗಳನ್ನು ಕಡಿಮೆ ಕರೆಂಟಿನಲ್ಲಿ ಮಾಡುವುದು ಇದರ ಕೆಲಸ. ಇದನ್ನು ಅಳೆಯುವುದು ಟಾಪ್ಸ್‌ನಲ್ಲಿ. ಒಂದು ಟಾಪ್ಸ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಬಿರುದು ಹುಟ್ಟುಹಾಕಿ, ಅದಕ್ಕೆ ಕನಿಷ್ಠ 40 ಟಾಪ್ಸ್, 16 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್ ಇರಬೇಕು ಎಂದಿತು. ಮೊದಲ ಸ್ನಾಪ್‌ಡ್ರಾಗನ್ ಎಕ್ಸ್‌ನದ್ದು 45, ಲೂನಾರ್ ಲೇಕ್‌ನದ್ದು 48ರವರೆಗೆ, ರೈಜೆನ್ ಎಐ 300ದು 50ರಿಂದ 55. ಮಳಿಗೆಗಳಲ್ಲಿ ಈ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನ ಹಾಗೆ ದೊಡ್ಡದಾಗಿ ಬರೆದಿರುತ್ತಾರೆ.

ಇದರಿಂದ ಮನೆಯಲ್ಲಿ ಆಗುವ ಉಪಯೋಗ ಏನು? ವಿಡಿಯೊ ಕಾಲ್‌ನಲ್ಲಿ ಹಿನ್ನೆಲೆ ಮಸುಕು ಮಾಡುವುದು, ಮಾತಿಗೆ ಆ ಕ್ಷಣವೇ ಸಬ್‌ಟೈಟಲ್ ಕೊಡುವುದು, ಪೇಂಟ್‌ನಲ್ಲಿ ಗೀಚಿದ್ದನ್ನು ಚಿತ್ರ ಮಾಡುವುದು. ಆಮೇಲೆ ರೀಕಾಲ್. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟು, ‘ಆವತ್ತು ನೋಡಿದ ಆ ನೀಲಿ ಕುರ್ಚಿ ಎಲ್ಲಿತ್ತು’ ಅಂತ ಹುಡುಕಿಕೊಡುವ ಸೌಲಭ್ಯ ಇದು. ಘೋಷಣೆಯಾದ ಕೂಡಲೇ ಭದ್ರತಾ ಪರಿಣತರು ಕೂಗೆಬ್ಬಿಸಿದರು. ಮೈಕ್ರೋಸಾಫ್ಟ್ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಬಳಸುವವರು ತಾವಾಗಿ ಆನ್ ಮಾಡಿದರೆ ಮಾತ್ರ ನಡೆಯುವಂತೆ ತಿದ್ದಿ ಎಲ್ಲರಿಗೂ ಕೊಟ್ಟದ್ದು 2025ರ ಏಪ್ರಿಲ್‌ನಲ್ಲಿ. ಒಂದೇ ಕಂಪ್ಯೂಟರನ್ನು ನಾಲ್ಕು ಜನ ಒಂದೇ ಲಾಗಿನ್‌ನಲ್ಲಿ ಬಳಸುವ ಮನೆಯಲ್ಲಿ ಇದನ್ನು ಆಫ್ ಮಾಡಿಡುವುದೇ ಒಳ್ಳೆಯದು, ಅಲ್ವಾ?

ಚಾಟ್‌ಜಿಪಿಟಿ ಥರದ ಸೇವೆ ಬಳಸುವುದಕ್ಕೂ ಎನ್‌ಪಿಯುಗೂ ಸಂಬಂಧ ಇಲ್ಲ. ಆ ಕೆಲಸ ನಡೆಯುವುದು ದೂರದ ಸರ್ವರ್‌ನಲ್ಲಿ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಅದು ಹಾಗೇ ನಡೆಯುತ್ತದೆ. ಚಾಟ್‌ಜಿಪಿಟಿಯ ಒಳಗಿರುವಂಥ ಭಾಷಾ ಮಾದರಿಯನ್ನು ಮನೆಯ ಯಂತ್ರದಲ್ಲೇ ಓಡಿಸಬೇಕು ಅನ್ನುವ ಹವ್ಯಾಸ ಇದ್ದರೆ, ಆಗಲೂ ನೋಡಬೇಕಾದ್ದು ಟಾಪ್ಸ್‌ಗಿಂತ ಮೊದಲು ಮೆಮೊರಿಯನ್ನು. ಮಾದರಿಯೊಳಗಿನ ಅಂಕಿಗಳಿಗೆ ಪ್ಯಾರಾಮೀಟರ್ ಅನ್ನುತ್ತಾರೆ. ಒಂದೊಂದನ್ನೂ 4 ಬಿಟ್‌ಗೆ ಕುಗ್ಗಿಸಿದ 800 ಕೋಟಿ ಪ್ಯಾರಾಮೀಟರ್‌ನ ಮಾದರಿಗೆ ಸುಮಾರು 5 ಜಿಬಿ ಬೇಕು. 7,000 ಕೋಟಿಯದ್ದಕ್ಕೆ ಸುಮಾರು 40 ಜಿಬಿ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಎಎಂಡಿ ತೋರಿಸಿದ ರೈಜೆನ್ ಎಐ ಮ್ಯಾಕ್ಸ್ ಪ್ಲಸ್ 395 ಇಂಥ ಹವ್ಯಾಸಿಗಳ ಕಣ್ಣಿಗೆ ಬಿದ್ದದ್ದು ಇದೇ ಕಾರಣಕ್ಕೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಂಡು ಬಳಸುವ ಮೆಮೊರಿ ಅದರಲ್ಲಿ 128 ಜಿಬಿವರೆಗೂ ಇರಬಹುದು. ಹವ್ಯಾಸ ಇಲ್ಲದವರಿಗೆ ಅದು ಸುಮ್ನೆ ಭಾರ.

ಮೆಮೊರಿ: ಕೊಳ್ಳುವ ದಿನವೇ ಕೊನೆಯ ಅವಕಾಶ

ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೂರು ವರ್ಷದ ನಂತರ ಇನ್ನೊಂದು 8 ಜಿಬಿ ಹಾಕಿಸೋಣ ಅಂದರೆ ಜಾಗವೇ ಇರುವುದಿಲ್ಲ. ಹಾಳೆಯ ಎಡಗಡೆ ಮೊದಲು ಬರೆಯಬೇಕಾದ್ದು ಇದನ್ನೇ. 8 ಜಿಬಿಯ ಹೊಸ ಲ್ಯಾಪ್‌ಟಾಪ್ ಕಂಡರೆ ಮುಂದೆ ನಡೆಯಿರಿ. 16 ಇವತ್ತಿಗೆ ಸಾಕು. ಆರೇಳು ವರ್ಷ ಬಾಳಬೇಕು ಅಂದರೆ 32.

ಮಧ್ಯದ ದಾರಿಯೊಂದು ಹುಟ್ಟಿಕೊಂಡಿದೆ. ಎಲ್‌ಪಿಕ್ಯಾಮ್2 ಎಂಬ ಮೆಮೊರಿ ಹಾಳೆಯನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದು, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಅದನ್ನು ಬಳಸಿದ ಲ್ಯಾಪ್‌ಟಾಪ್‌ಗಳು ಇನ್ನೂ ಬೆರಳೆಣಿಕೆಯಷ್ಟೇ. ಇಲ್ಲೊಂದು ತಮಾಷೆ ಹೇಳಬೇಕು. ಪ್ರತಿ ಭಾಗವನ್ನೂ ಬಳಸುವವರೇ ಬದಲಿಸಬಹುದಾದ ಲ್ಯಾಪ್‌ಟಾಪ್ ಮಾಡಿ ಹೆಸರಾದ ಫ್ರೇಮ್‌ವರ್ಕ್ ಕಂಪನಿ, 2025ರಲ್ಲಿ ಆ ಎಐ ಮ್ಯಾಕ್ಸ್ ಚಿಪ್ ಹಾಕಿ ಡೆಸ್ಕ್‌ಟಾಪ್ ಮಾಡಿದಾಗ ಮೆಮೊರಿಯನ್ನು ಬೆಸುಗೆ ಹಾಕಬೇಕಾಯಿತು. ಆ ಚಿಪ್‌ಗೆ ಬೇಕಾದ ವೇಗದಲ್ಲಿ, ಬಿಚ್ಚಬಹುದಾದ ಮೆಮೊರಿ ಕೆಲಸ ಮಾಡಲಿಲ್ಲ. ಡೆಸ್ಕ್‌ಟಾಪ್ ಅಂದಮೇಲೆ ಎಲ್ಲ ಬದಲಿಸಬಹುದು ಎಂಬ ನಂಬಿಕೆಯೂ ಈಗ ಪೂರ್ತಿ ನಿಜವಲ್ಲ.

ಆಟದ ಕಾರ್ಡು: ಹೆಸರು ಒಂದೇ, ಒಳಗೆ ಬೇರೆ

ಮೇಳದ ಮಾತನ್ನು ಹೇಗೆ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದೇ 2025ರ ಸಿಇಎಸ್‌ನಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ನಿಂತು, ಆಟದ ಚಿತ್ರ ಬಿಡಿಸುವ ಹೊಸ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡು ಹಿಂದಿನ ತಲೆಮಾರಿನ ದೊಡ್ಡಣ್ಣ 4090ರಷ್ಟು ವೇಗ ಕೊಡುತ್ತದೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಆ ಲೆಕ್ಕ ನಿಂತಿದ್ದು ಡಿಎಲ್‌ಎಸ್‌ಎಸ್ 4 ಎಂಬ ಉಪಾಯದ ಮೇಲೆ. ಕಾರ್ಡು ನಿಜವಾಗಿ ಬಿಡಿಸಿದ ಒಂದು ಫ್ರೇಮಿನ (ಪರದೆಯ ಒಂದು ಚಿತ್ರದ) ಜೊತೆ ಎಐ ಇನ್ನೂ ಮೂರು ಫ್ರೇಮ್‌ಗಳನ್ನು ಊಹಿಸಿ ಸೇರಿಸುತ್ತದೆ. ಪರದೆಯಲ್ಲಿ ಚಲನೆ ನುಣುಪಾಗಿ ಕಾಣುತ್ತದೆ, ಅದು ನಿಜ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಪ್ರತಿಕ್ರಿಯಿಸುವುದು ನಿಜವಾದ ಫ್ರೇಮಿನಲ್ಲಿ ಮಾತ್ರ. 4090ರಲ್ಲಿ 24 ಜಿಬಿ ಮೆಮೊರಿ ಇತ್ತು, 5070ರಲ್ಲಿ 12. ಊಹೆಯ ಫ್ರೇಮ್ ಬಿಟ್ಟು ಅಳೆದವರಿಗೆ ಎರಡರ ನಡುವಿನ ದೂರ ಚೆನ್ನಾಗಿಯೇ ಕಂಡಿತು.

ಇದಕ್ಕಿಂತ ದೊಡ್ಡ ಬಲೆ ಕೆಳಗಿನ ದರ್ಜೆಯಲ್ಲಿದೆ. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಜಿಬಿ ಮತ್ತು 16 ಜಿಬಿ ರೂಪದಲ್ಲಿ ಬಂದವು. ಹೆಸರು ಒಂದೇ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ. ಹೊಸ ಆಟಗಳು ಚಿತ್ರದ ಗುಣಮಟ್ಟ ಏರಿಸಿದಾಗ 8 ಜಿಬಿಯನ್ನು ಬೇಗ ತುಂಬಿಬಿಡುತ್ತವೆ, ಆಟ ಮುಗ್ಗರಿಸಲು ಶುರುವಾಗುತ್ತದೆ. ಕಾರ್ಡನ್ನು ಮುಂದೆ ಬದಲಿಸಬಹುದು, ಅದರ ಮೆಮೊರಿಯನ್ನು ಬದಲಿಸಲು ಆಗುವುದಿಲ್ಲ. ಆಟಕ್ಕೆಂದೇ ಕೊಳ್ಳುವುದಾದರೆ 16 ಜಿಬಿಯದ್ದನ್ನೇ ಆರಿಸಿ. ಆಟ ಆಡದ ಮನೆಗೆ ಪ್ರತ್ಯೇಕ ಕಾರ್ಡೇ ಬೇಡ. ಮೇಲಿನ ತುದಿಯ 5090ರ ಬಗ್ಗೆ ಒಂದೇ ಮಾತು: ಕಾರ್ಡೊಂದೇ 575 ವಾಟ್ ಎಳೆಯಬಲ್ಲದು. ಇಡೀ ಸಂಜೆ ಆಡಿದರೆ ಕೋಣೆಗೆ ಹೀಟರ್ ಬೇಕಾಗುವುದಿಲ್ಲ.

ಮಡಿಲಿಗೋ, ಮೇಜಿಗೋ

ಕಂಪ್ಯೂಟರ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ ಅಂತಾದರೆ ಲ್ಯಾಪ್‌ಟಾಪ್ ಯಾಕೆ? ಈ ಪ್ರಶ್ನೆಯನ್ನು ತುಂಬ ಜನ ಕೇಳಿಕೊಳ್ಳುವುದೇ ಇಲ್ಲ. ಅಂಗೈಯಗಲದ ಮಿನಿ ಪಿಸಿಗಳು ಈಗ ಮೇಳಗಳಲ್ಲಿ ಸಾಲುಸಾಲಾಗಿ ಕೂತಿರುತ್ತವೆ. ಈ ಜಾತಿಯನ್ನು ಜನಪ್ರಿಯ ಮಾಡಿದ ಇಂಟೆಲ್ 2023ರಲ್ಲಿ ತನ್ನ ಎನ್‌ಯುಸಿ ಸಾಲನ್ನು ನಿಲ್ಲಿಸಿ ಅಸುಸ್‌ಗೆ ಒಪ್ಪಿಸಿತು. ಅಷ್ಟರಲ್ಲಿ ಹತ್ತಾರು ತಯಾರಕರು ಆ ಜಾಗಕ್ಕೆ ನುಗ್ಗಿಯಾಗಿತ್ತು. ಲ್ಯಾಪ್‌ಟಾಪ್‌ನ ಚಿಪ್ಪೇ ಒಳಗಿರುತ್ತದೆ. ಹಲವು ಮಾದರಿಗಳಲ್ಲಿ ಮೆಮೊರಿಗೆ ಎರಡು ಸ್ಲಾಟ್ ಇರುತ್ತವೆ, ಎಸ್‌ಎಸ್‌ಡಿ ಬದಲಿಸಬಹುದು, ಪರದೆ ಮತ್ತು ಕೀಬೋರ್ಡ್ ನಿಮ್ಮಿಷ್ಟದ್ದು. ಅಂದರೆ ಎಡಗಡೆಯ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಲಗಡೆಗೆ ಬಂತು. ಹಳೆಯ ಮಾನಿಟರ್ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ.

ಆಪಲ್ ಈ ಮೇಳಗಳಲ್ಲಿ ಮಳಿಗೆ ಹಾಕುವುದಿಲ್ಲ, ತನ್ನದೇ ಕಾರ್ಯಕ್ರಮ ಮಾಡುತ್ತದೆ. ಆದರೂ ಮಿನಿ ಪಿಸಿಯ ಮಾತು ಬಂದಾಗ 2024ರ ಎಂ4 ಮ್ಯಾಕ್ ಮಿನಿಯನ್ನು ಬಿಡುವ ಹಾಗಿಲ್ಲ. ಅಗಲ 12.7 ಸೆಂಟಿಮೀಟರ್, ಕನಿಷ್ಠ ಮೆಮೊರಿ 16 ಜಿಬಿ, ತುಂಬ ನಿಶ್ಶಬ್ದ. ಮೆಮೊರಿ ಮಾತ್ರ ಏರಿಸಲು ಆಗುವುದಿಲ್ಲ. ಪವರ್ ಬಟನ್ ಅಡಿಯಲ್ಲಿಟ್ಟಿದ್ದಾರೆ, ಯಾವ ಪುಣ್ಯಾತ್ಮನಿಗೆ ಹೊಳೆಯಿತೋ!

ನಿಶ್ಶಬ್ದ ಅಂದಾಗ ನೆನಪಾಯಿತು. ಮೇಳದ ಗದ್ದಲದಲ್ಲಿ ಫ್ಯಾನಿನ ಸದ್ದು ಕೇಳಿಸುವುದಿಲ್ಲ. ಪುಟ್ಟ ಪೆಟ್ಟಿಗೆಯಲ್ಲಿ ಪುಟ್ಟ ಫ್ಯಾನ್, ಅದು ಜೋರಾಗಿ ತಿರುಗಿದರೆ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ. ಕೊಳ್ಳುವ ಮೊದಲು ಸದ್ದನ್ನು ಅಳೆದು ಹೇಳಿದ ವಿಮರ್ಶೆ ಒಂದಾದರೂ ಓದಿ. ದೊಡ್ಡ ಟವರ್ ಪೆಟ್ಟಿಗೆ ಬೇಕಾಗುವುದು ಆಟದ ಕಾರ್ಡು ಹಾಕುವವರಿಗೆ ಮತ್ತು ಬಿಚ್ಚಿ ಜೋಡಿಸುವುದರಲ್ಲೇ ಖುಷಿ ಪಡುವವರಿಗೆ.

ಪರದೆ, ಪೋರ್ಟ್, ಇತ್ಯಾದಿ

ಮೇಳದ ಪರದೆಗಳ ಆ ಕಪ್ಪು ಹಿನ್ನೆಲೆಯ ಗುಟ್ಟು ಓಎಲ್ಇಡಿ, ಅಂದರೆ ಚುಕ್ಕಿಚುಕ್ಕಿಯೂ ತಾನೇ ಬೆಳಗುವ ಪರದೆ. ಕಪ್ಪು ಇರುವಲ್ಲಿ ಅದರ ಚುಕ್ಕಿಗಳು ಪೂರ್ತಿ ಆರಿರುತ್ತವೆ, ಹಾಗಾಗಿ ಬಣ್ಣ ಎದ್ದು ಕಾಣುತ್ತದೆ. ಸಿನಿಮಾ, ಆಟ, ಫೋಟೋ ನೋಡುವವರಿಗೆ ಅದಕ್ಕೆ ಸಾಟಿಯಿಲ್ಲ. ಇಡೀ ದಿನ ಅಕ್ಷರ ಓದುವವರಿಗೆ ನಾನು ಐಪಿಎಸ್ ಪರದೆ, ಅಂದರೆ ಹಿಂದಿನಿಂದ ದೀಪ ಬೆಳಗುವ ಎಲ್‌ಸಿಡಿ ಹೇಳುತ್ತೇನೆ. ಓಎಲ್ಇಡಿಯಲ್ಲಿ ಟಾಸ್ಕ್‌ಬಾರ್‌ನಂಥ ಕದಲದ ಚಿತ್ರ ವರ್ಷಗಟ್ಟಲೆ ಒಂದೇ ಕಡೆ ಇದ್ದರೆ ಕಲೆ ಉಳಿಯುವ ಸಾಧ್ಯತೆ ಇದೆ. ಹಲವು ಪರದೆಗಳು ಹೊಳಪು ಗಾಜಿನವು, ಕಿಟಕಿಯ ಎದುರು ಕೂತರೆ ನಿಮ್ಮ ಮುಖವೇ ಕಾಣುತ್ತದೆ.

ಯುಎಸ್‌ಬಿ-ಸಿ ಎಂಬುದು ತೂತಿನ ಆಕಾರದ ಹೆಸರು, ಅಷ್ಟೇ. ಅದೇ ಆಕಾರದ ಹಿಂದೆ ಸೆಕೆಂಡಿಗೆ 5 ಗಿಗಾಬಿಟ್‌ನ ವೇಗವೂ ಇರಬಹುದು, ಥಂಡರ್‌ಬೋಲ್ಟ್ 4ರ 40 ಗಿಗಾಬಿಟ್ಟೂ ಇರಬಹುದು. ಮಾನಿಟರ್ ಓಡಿಸಬಹುದು, ಓಡಿಸದೆಯೂ ಇರಬಹುದು. ವಿವರದ ಹಾಳೆ ಓದದೆ ಗೊತ್ತಾಗುವುದಿಲ್ಲ.

ಪಿಸಿಐಇ 5 ಎಂಬ ಹೊಸ ತಲೆಮಾರಿನ ಎಸ್‌ಎಸ್‌ಡಿ ಸೆಕೆಂಡಿಗೆ 14,000 ಎಂಬಿ ಓದುತ್ತದೆ ಎಂದು ಕುಣಿಯುತ್ತಾರೆ. ಪಿಸಿಐಇ 4ರದ್ದು 7,000. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಈ ವ್ಯತ್ಯಾಸ ನಿಮ್ಮ ಅನುಭವಕ್ಕೆ ಬರುವುದಿಲ್ಲ. ಇದು ಬಲಗಡೆಯ ಪಟ್ಟಿಯದ್ದು, ಕಡಿಮೆಯದ್ದನ್ನೇ ತಗೊಳ್ಳಿ. ವೈಫೈ 7 ಕೂಡ ಹಾಗೆಯೇ, ರೂಟರ್ ವೈಫೈ 7 ಆಗಿರದಿದ್ದರೆ ಲಾಭ ಇಲ್ಲ.

ಸಾಫ್ಟ್‌ವೇರ್ ಕಡೆಯ ಲೆಕ್ಕ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಯಂತ್ರ ಹುಡುಕುತ್ತಿರುವ ತುಂಬ ಜನ ಈ ಕಾರಣಕ್ಕೇ ಹೊರಟವರು. ಹಳೆಯ ಯಂತ್ರಕ್ಕೆ ಎಷ್ಟೋ ಸಲ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರುವುದಿಲ್ಲ, ಹಾಗಾಗಿ ವಿಂಡೋಸ್ 11 ಒಪ್ಪುವುದಿಲ್ಲ. ಆದರೆ ಆ ಯಂತ್ರ ಗಟ್ಟಿಯಾಗಿದ್ದು, ಬಳಕೆ ಬ್ರೌಸರ್‌ಗಷ್ಟೇ ಆಗಿದ್ದರೆ ಮೊದಲು ವಿಂಡೋಸ್‌ಗೆ ಬದಲಾಗಿ ಲಿನಕ್ಸ್ ಮಿಂಟ್ ಅಥವಾ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿ ನೋಡಿ. ಎರಡೂ ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು. ಮಿಂಟ್ ಹೆಚ್ಚು ಕೆಲಸಕ್ಕೆ ಒದಗುತ್ತದೆ. ಫ್ಲೆಕ್ಸ್ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಸುಲಭ.

ಆಟದ ವಿಷಯದಲ್ಲೂ ಲಿನಕ್ಸ್ ಮೊದಲಿನಂತಿಲ್ಲ. ಆಟದ ಕಂಪನಿ ವಾಲ್ವ್‌ನ ಪ್ರೋಟಾನ್ ಎಂಬ ಸಾಫ್ಟ್‌ವೇರ್‌ನಿಂದಾಗಿ ವಿಂಡೋಸ್‌ಗೆ ಬರೆದ ಸಾವಿರಾರು ಆಟಗಳು ಅಲ್ಲಿ ಓಡುತ್ತವೆ. 2025ರ ಸಿಇಎಸ್‌ನಲ್ಲಿ ಲೆನೊವೊ ತನ್ನ ಲೀಜನ್ ಗೋ ಎಸ್ ಎಂಬ ಕೈ ಕನ್ಸೋಲನ್ನು ವಾಲ್ವ್‌ನದೇ ಲಿನಕ್ಸ್ ಆದ ಸ್ಟೀಮ್‌ಓಎಸ್ ಹಾಕಿಯೂ ತೋರಿಸಿತು. ಆದರೆ ಮೋಸತಡೆ ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತವೆ. ಮಗ ಆಡುವ ಆಟದ ಹೆಸರು ಕೇಳದೆ ಬದಲಿಸಬೇಡಿ, ಮನೆಯಲ್ಲಿ ಯುದ್ಧ ಆಗುತ್ತದೆ.

ಆಫೀಸ್ ಬೇಕೆನ್ನುವವರಿಗೆ ಮೂರು ದಾರಿ. ತಿಂಗಳಿಗೋ ವರ್ಷಕ್ಕೋ ಕಟ್ಟುವ ಮೈಕ್ರೋಸಾಫ್ಟ್ 365, ಒಂದೇ ಸಲ ಕೊಳ್ಳುವ ಆಫೀಸ್ 2024, ಉಚಿತವಾದ ಲಿಬ್ರೆ ಆಫೀಸ್. ಮನೆಯ ಪತ್ರ, ಲೆಕ್ಕಕ್ಕೆ ಲಿಬ್ರೆ ಸಾಕು. ಕಚೇರಿಯ ಎಕ್ಸೆಲ್ ಕಡತಗಳು ಮನೆಗೂ ಬರುತ್ತವೆ ಅಂದರೆ ಮೈಕ್ರೋಸಾಫ್ಟ್‌ನದ್ದೇ ತಗೊಳ್ಳಿ, ಲಿಬ್ರೆಯಲ್ಲಿ ಮ್ಯಾಕ್ರೊಗಳು (ಕಡತದೊಳಗಿನ ಪುಟ್ಟ ಪ್ರೋಗ್ರಾಂಗಳು) ಕೈಕೊಡಬಹುದು. ಕ್ಲೌಡ್ ಜಾಗ ಬೇಡದಿದ್ದರೆ ಆಫೀಸ್ 2024 ಲಾಭ, ಅದರ ಬೆಂಬಲ 2029ರ ಅಕ್ಟೋಬರ್‌ವರೆಗೆ ಇರುತ್ತದೆ.

ಹೊಸ ವಿಂಡೋಸ್ 11 ಯಂತ್ರ ಮನೆಗೆ ಬಂದ ದಿನ ಮಾಡಬೇಕಾದ ಕೆಲಸ ಒಂದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಅದರ ಬೀಗದ ಕೈ ಆ ಖಾತೆಯಲ್ಲಿ ಕೂತಿರುತ್ತದೆ. ಖಾತೆಯೇ ಕೈತಪ್ಪಿದರೆ, ಬೋರ್ಡ್ ಕೆಟ್ಟ ದಿನ ಫೋಟೋಗಳೂ ಕೈತಪ್ಪುತ್ತವೆ. 48 ಅಂಕಿಯ ಆ ರಿಕವರಿ ಕೀಯನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಈಗಲೋ, ಆಮೇಲೋ

ಮೇಳದಲ್ಲಿ ಕಂಡದ್ದು ನಾಳೆಯೇ ಸಿಗುವುದಿಲ್ಲ. ಜೂನ್‌ನಲ್ಲಿ ತೋರಿಸಿದ ಲೂನಾರ್ ಲೇಕ್ ಲ್ಯಾಪ್‌ಟಾಪ್‌ಗಳು ಮಾರಾಟಕ್ಕೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಜನವರಿಯ ವೇದಿಕೆಯಲ್ಲಿ ಕಂಡ ಆರ್‌ಟಿಎಕ್ಸ್ 5070 ಬಂದದ್ದು ಮಾರ್ಚ್‌ನಲ್ಲಿ. ಬಂದ ಮೊದಲ ವಾರಗಳಲ್ಲಿ ಡ್ರೈವರ್‌ಗಳು ಇನ್ನೂ ಹಸಿಹಸಿ. ಇರುವ ಯಂತ್ರ ನಡೆಯುತ್ತಿದ್ದರೆ, ಬೇರೆಯವರು ಬಳಸಿ ಬೈದು, ತಯಾರಕರು ಎರಡು ಮೂರು ಅಪ್‌ಡೇಟ್ ಕೊಡುವವರೆಗೆ ಕಾಯಿರಿ. ಇರುವುದು ಕೆಟ್ಟೇ ಹೋಗಿದ್ದರೆ ಹಿಂದಿನ ಮೇಳದ ಯಂತ್ರ ನೋಡಿ. ಅದರ ಬೆನ್ನು ಹೇಗಿದೆ ಅಂತ ಅಷ್ಟರಲ್ಲಿ ಯಾರಾದರೂ ಬರೆದಿರುತ್ತಾರೆ.